ಕಣ್ಣಿಲ್ಲದ ಇರುವೆಗೆ ಬಂದ ಪಾಡು

ಹುಳುಗಳ ಪಾಠ ಹೇಳುವವನ ಮುಂದೆ ಊರಿಗೆ ಊರೇ ಪಂಡಿತ. ಅರಭಾವಿಯ ಹತ್ತಿರದ ಕಾಲೇಜೊಂದರಲ್ಲಿ ಇಷ್ಟು ವರ್ಷ ಪಾಠ ಮಾಡಿ ನಾನು ಕಂಡುಕೊಂಡದ್ದು ಇದೊಂದೇ. ಈ ಸಲ ನಮ್ಮ ಪ್ರಿನ್ಸಿಪಾಲರು, "ತಪಾಸಣಿ ಸಾಹೇಬ್ರು ಮೆಚ್ಚಲಿಲ್ಲಂದ್ರ ನಿಮ್ಮ ಹುಳದ ಕಪಾಟ ಖಾಲಿ ಮಾಡ್ರಿ. ಆಟದಾಗ ಗೆದ್ದ ಢಾಲ ಇಡಾಕ ಜಾಗಾ ಬೇಕಾಗೈತಿ" ಎಂದುಬಿಟ್ಟರು. ಆ ಕಪಾಟು ನನ್ನ ಜೀವ. ಅದನ್ನು ಉಳಿಸಿಕೊಳ್ಳಲು, ಮರುಭೂಮಿಯಲ್ಲಿ ದಂಡು ಕಟ್ಟಿಕೊಂಡು ಬೇಟೆಯಾಡುವ ಇರುವೆಯ ದೊಡ್ಡ ಗೊಂಬೆ ಮಾಡಿಸಲು ಹೊರಟೆ.

೧. ಗೊಂಬೆಯಂಗಡಿ

ಗೋಕಾಕದ ಗೊಂಬೆಗಾರನಿಗೆ ಚಿತ್ರ ಕೊಟ್ಟು ಬಿಡಿಸಿ ಹೇಳಿದೆ: ಕೆಂಪು ಹಳದಿ ಮೈ, ಕತ್ತರಿಯಂಥ ದವಡೆ, ಸಣ್ಣ ಸೊಂಟ. ನೆಲದೊಳಗೇ ಓಡಾಡುವುದರಿಂದ ಕಣ್ಣು ಇಲ್ಲವೇ ಇಲ್ಲ.

ಗೊಂಬೆಯನ್ನೇನೋ ಚಂದ ಮಾಡಿದ. ತರಲು ಹೋದರೆ ಕೊಡಲೊಲ್ಲ.

"ಕಣ್ಣ ಬರೀಲಾರದ ಗೊಂಬಿ ನಮ್ಮ ಅಂಗಡಿ ಹೊಸ್ತಿಲಾ ದಾಟಂಗಿಲ್ರಿ. ನಮ್ಮ ಅಜ್ಜನ ಕಾಲದಿಂದ ಬಂದ ಪದ್ಧತಿ."

ವಾದ ಮಾಡಿ ಮಾಡಿ ನನ್ನ ಗಂಟಲು ಒಣಗಿತು. ಕೊನೆಗೆ, "ಹೊಸ್ತಿಲಾ ದಾಟಬಾರದು ಹೌದಲ್ಲೋ? ಕಿಡಕ್ಯಾಗಿಂದ ಕೊಡು" ಎಂದೆ.

ಸ್ವಲ್ಪ ಯೋಚಿಸಿ, "ಅದು ಖರೇರಿ" ಎಂದು ಕಿಟಕಿಯಿಂದ ಕೊಟ್ಟ.

೨. ಮೂಡಲಗಿ ಬಸ್ಸು

ಗೊಂಬೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಮುಂದಿನ ಸೀಟಿನಲ್ಲಿ ತುಕ್ಕಾನಟ್ಟಿಗೆ ಹೊರಟ ಗಂಡ ಹೆಂಡತಿ. ಹೆಂಡತಿ ತಿರುಗಿ, "ಇದಕ್ಕ ಕಣ್ಣ ಯಾಕಿಲ್ರಿ?" ಎಂದಳು.

"ದುಡಿಯೋವು ಎಲ್ಲಾ ಹೆಣ್ಣಿರುವಿರಿ ಯವ್ವಾ, ಅವಕ್ಕ ಕಣ್ಣಿಲ್ಲ. ಗಂಡಿಗೆ ದೊಡ್ಡ ಕಣ್ಣ, ರೆಕ್ಕಿ ಎರಡೂ ಅದಾವು. ಆದ್ರ ಅದು ಕೆಲಸಾ ಮಾಡಂಗಿಲ್ಲ."

"ನಮ್ಮ ಮನ್ಯಾಗೂ ಹಂಗ ಐತ್ರಿ. ನನಗ ಕಣ್ಣ ಅದಾವು, ಅದಕ್ಕ ದಿನಾ ಜಗಳ."

ಗಂಡನಿಗೆ ರೆಕ್ಕೆ ಇರಲಿಲ್ಲ. ಪಾಪ, ಕುಳಿತೇ ಇದ್ದ.

೩. ತಪಾಸಣೆ

ಗೊಂಬೆ ನೋಡಿ ಪ್ರಿನ್ಸಿಪಾಲರು ಮುಖ ಸಿಂಡರಿಸಿದರು. "ಕುರುಡ ಇರುವಿ ತೋರಿಸಿದ್ರ ಸಾಹೇಬ್ರು ಏನಂದಾರು?" ನಾನು ಮತ್ತೆ ಎಲ್ಲ ವಿವರಿಸಿದೆ. ಅವರು ತಲೆಯಾಡಿಸಿದರು. ಅವರು ತಲೆಯಾಡಿಸಿದರೆ ಒಂದಕ್ಷರವೂ ಕೇಳಿಸಿಕೊಂಡಿಲ್ಲ ಎಂದೇ ಅರ್ಥ.

ಮರುದಿನ ಹುಕ್ಕೇರಿ ಕಡೆಯ ಸಾಹೇಬರು ತಪಾಸಣೆಗೆ ಬಂದರು. ಗೊಂಬೆಯ ಮೇಲಿನ ಬಟ್ಟೆ ಸರಿಸಿದಾಗಲೇ ನನಗೆ ಗೊತ್ತಾದದ್ದು. ಪ್ರಿನ್ಸಿಪಾಲರು ರಾತ್ರೋರಾತ್ರಿ ಗೊಂಬೆಗಾರನನ್ನು ಕರೆಸಿ ಬರೆಸಿದ್ದರು: ದೊಡ್ಡ ದೊಡ್ಡ ಎರಡು ಕಣ್ಣು, ಕಾಡಿಗೆ, ಉದ್ದನೆಯ ರೆಪ್ಪೆಗೂದಲು.

ಸಾಹೇಬರು ಬಗ್ಗಿ ನೋಡಿದರು. "ಇರುವಿಗೆ ರೆಪ್ಪಿ ಯಾಕ್ರಿ?"

ನಿಜ ಹೇಳಿದರೆ ಕಪಾಟು ಹೋಗುತ್ತದೆ. ನಾನು ಬಾಯಿ ಬಿಡಲಿಲ್ಲ. ಪ್ರಿನ್ಸಿಪಾಲರೇ ಉತ್ತರ ಕೊಟ್ಟರು: "ಮರುಭೂಮ್ಯಾಗಿನ ಇರುವಿ ಅಲ್ಲೇನ್ರಿ ಸಾಹೇಬ್ರ. ಕಣ್ಣಾಗ ಉಸುಕ ಬೀಳಬಾರದಂತ."

"ಏನ್ ನಿಸರ್ಗರೀ ಇದು" ಎಂದು ಸಾಹೇಬರು ಬೆರಗಾದರು. ಕಪಾಟು ಇದ್ದಲ್ಲೇ ಇರಲಿ ಎಂದು ಅಪ್ಪಣೆಯೂ ಆಯಿತು.

ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಹುಳದ ಮಾಸ್ತರ ಆಗಿ ನೀವು ಸುಮ್ನ ನಿಂತ್ರಿ. ಪ್ರಿನ್ಸಿಪಾಲರ ಕಡೆ ನಾಕು ದಿನಾ ಕಲೀರಿ."