ನಿದ್ದೆಯಲ್ಲಿ ಸಿಕ್ಕಿಸಿದ ಕಾರ್ಡು

ನಕ್ಷೆಗಾರ ಅಂಗಿಯ ಎಡತೋಳಿಗೆ ಇಸ್ತ್ರಿ ಹಾಕುತ್ತಿದ್ದ. ಅದೇ ಮೇಜಿನ ತುದಿಯಲ್ಲಿ ಆಫೀಸಿನ ಲ್ಯಾಪ್‌ಟಾಪು ತೆರೆದಿತ್ತು. ಅದರೊಳಗೆ ಅವನ ರಾಜೀನಾಮೆ ಪತ್ರ ತಿಂಗಳುಗಟ್ಟಲೆಯಿಂದ ಕಳುಹಿಸುವವರಿಲ್ಲದೆ ಕೂತಿತ್ತು.

"ಅದನ್ನ ಇವತ್ತಾದ್ರೂ ಕಳಿಸ್ತೀರೋ, ಇಲ್ಲ ಅದಕ್ಕೂ ಇಸ್ತ್ರಿ ಹಾಕ್ಬೇಕೋ?" ಎಂದಳು ಹೆಂಡತಿ.

ಗಂಡಸಿಗೆ ರೋಷ ಬರಲು ಇನ್ನೇನು ಬೇಕು? ಕಳುಹಿಸುವ ಗುಂಡಿ ಒತ್ತಿಯೇ ಬಿಟ್ಟ. ಮೇಲಧಿಕಾರಿಯ ಕೈಕೆಳಗೆ ದುಡಿಯುವುದೆಂದರೆ ಮಡಿಚಿದ ಕೊಡೆಯೊಳಗೆ ನಿಂತಂತೆ ಎಂದು ಬರೆದಿದ್ದ. ಸಾಲದ್ದಕ್ಕೆ, ಆ ಮಹಾಶಯ ಕೆಡಿಸಿದ ನಕ್ಷೆಗಳನ್ನೆಲ್ಲ ಪುರಾವೆಗೆ ಲಗತ್ತಿಸಿದ್ದ. ಹಾಗಾಗಿ ಪತ್ರ, ಬೀರು ಹೊತ್ತವರು ಮೆಟ್ಟಿಲು ಹತ್ತುವ ಹಾಗೆ ಏದುಸಿರು ಬಿಡುತ್ತ ನಿಧಾನಕ್ಕೆ ಹೊರಟಿತು.

ಅಷ್ಟರಲ್ಲಿ ಮೇಲಧಿಕಾರಿಯ ಫೋನು. ತನಗೆ ವರ್ಗವಾಗಿದೆಯಂತೆ, ತನ್ನ ಕುರ್ಚಿಗೆ ನಕ್ಷೆಗಾರನನ್ನೇ ಕೂರಿಸುತ್ತಾನಂತೆ, ಹೊಸ ನಕ್ಷೆಯನ್ನು ಇವತ್ತಿನ ಮೀಟಿಂಗಿನಲ್ಲಿ ಎಲ್ಲರೆದುರು ತೋರಿಸಿದ ಕೂಡಲೇ ಸಹಿಯಂತೆ.

ನಕ್ಷೆಗಾರ ಹೌಹಾರಿದ. ಅಳಿಸಲು ಹೋದರೆ, ಹೊರಟದ್ದನ್ನು ಅಳಿಸಲಾಗದು ಎಂದಿತು ಯಂತ್ರ. ಅದರ ಪಕ್ಕೆಯಲ್ಲಿ ಪುಟ್ಟ ಗೂಡುಗಳು, ಗೂಡಿಗೊಂದರಂತೆ ಎಳೆದರೆ ಕೈಗೆ ಬರುವ ಕಾರ್ಡುಗಳು. ಇಂಟರ್‌ನೆಟ್ಟಿನ ತಂತಿ ಸೇರುವ ಕಾರ್ಡನ್ನೇ ಕಿತ್ತ. ಪತ್ರ ನಡುದಾರಿಯಲ್ಲಿ ನಿಂತಿತು. ಮುಚ್ಚಳ ಮುಚ್ಚಿ ಯಂತ್ರವನ್ನು ಮಲಗಿಸಿ, ಕಾರ್ಡನ್ನು ಜೇಬಿಗಿಳಿಸಿದ.

ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವಾಕೆಯನ್ನು ಎಲ್ಲರೂ ಮೆಷಿನಕ್ಕ ಎನ್ನುತ್ತಿದ್ದರು. ಅವಳ ಬಳಿ ಗುಟ್ಟು ಹೇಳಿಕೊಂಡ.

"ಮೀಟಿಂಗ್ ಮುಗೀಲಿ, ಅಳಿಸಿಕೊಡ್ತೀನಿ. ಕಾರ್ಡು ಮಾತ್ರ ಹೊರಗೇ ಇರ್ಲಿ. ಅದು ಮಲಗಿದ್ದಾಗ ಕಿತ್ರೂ ಗೊತ್ತಾಗಲ್ಲ, ಸಿಕ್ಕಿಸಿದ್ರೂ ಗೊತ್ತಾಗಲ್ಲ. ಎದ್ದ ತಕ್ಷಣ ಗೂಡುಗಳಲ್ಲಿ ಯಾರ್ಯಾರಿದಾರೆ ಅಂತ ನೋಡತ್ತೆ, ನಿಂತ ಕೆಲಸ ಶುರು ಮಾಡತ್ತೆ."

"ಕಾರ್ಡು ನನ್ನ ಜೇಬಲ್ಲಿದೆ ಅಕ್ಕಾ. ಇನ್ನು ಅದರಪ್ಪ ಎದ್ರೂ ಏನೂ ಮಾಡಕ್ಕಾಗಲ್ಲ," ಎಂದ. ಮಲಗಿದ್ದ ಲ್ಯಾಪ್‌ಟಾಪನ್ನು ಮೀಟಿಂಗಿನ ಮೇಜಿನ ಮೇಲಿಟ್ಟು, ದೊಡ್ಡ ಪರದೆಗೆ ಜೋಡಿಸಿ, ಮುಖ ತೊಳೆಯಲು ಹೋದ. ಹೊಸ ಕುರ್ಚಿಗೆ ತಕ್ಕ ಮುಖ ಬೇಡವೇ?

ಅವನು ಬರುವ ಹೊತ್ತಿಗೆ ಎಲ್ಲರೂ ಕೂತಿದ್ದರು. ಮೇಲಧಿಕಾರಿ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ. ನಕ್ಷೆಗಾರ ಜೇಬು ತಟ್ಟಿ ನೋಡಿಕೊಂಡ. ಕಾರ್ಡು ಭದ್ರವಾಗಿತ್ತು. ಮದುಮಗನ ಠೀವಿಯಲ್ಲಿ ಲ್ಯಾಪ್‌ಟಾಪು ತೆರೆದ.

ಯಂತ್ರ ಎಚ್ಚೆತ್ತು, ತನ್ನ ಗೂಡುಗಳನ್ನು ಒಮ್ಮೆ ತಡವಿಕೊಂಡಿತು. ದೊಡ್ಡ ಪರದೆಯ ಮೇಲೆ ನಕ್ಷೆಗಿಂತ ಮೊದಲು ಹಸಿರು ಗೆರೆಯೊಂದು ಓಡತೊಡಗಿತು.

ಪಕ್ಕದ ಸೀಟಿನವನಿಗೆ ಆಫೀಸಿನವರು ಇಟ್ಟ ಹೆಸರು ಉಪಕಾರಿ. ಅವನು ಮೆಲ್ಲಗೆ ಬಾಗಿ, ಕಿವಿಯಲ್ಲಿ ಹೇಳಿದ: "ಒಂದು ಗೂಡು ಖಾಲಿ ಬಿಟ್ಟಿದ್ರಿ ಸಾರ್. ದೊಡ್ಡವರ ಮುಂದೆ ನಿಮಗೆ ಅವಮಾನ ಆಗಬಾರ್ದು ಅಂತ ನೀವು ಅತ್ತ ಹೋದಾಗ ನನ್ನ ಕಾರ್ಡೇ ಸಿಕ್ಕಿಸಿ ಇಂಟರ್‌ನೆಟ್ಟಿನ ತಂತಿ ಜೋಡಿಸಿದೆ. ಅದೇ ನಮೂನೇದು. ಮೆಷಿನ್ನಿಗೂ ವ್ಯತ್ಯಾಸ ತಿಳಿಯಲ್ಲ."

ನಕ್ಷೆಗಾರನ ಕೈ ಗೂಡಿಗೆ ತಲುಪುವಷ್ಟರಲ್ಲಿ ಗೆರೆ ತುಂಬಿತ್ತು. ಮೇಲಧಿಕಾರಿಯ ಫೋನು ಟಿಣ್ ಎಂದಿತು. ಆತ ಪೆನ್ನಿಗೆ ಮುಚ್ಚಳ ಹಾಕಿ, ಕನ್ನಡಕ ಏರಿಸಿ, ಓದಲು ಶುರುಮಾಡಿದ. ಕೊನೆಯ ಸಾಲಿನವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಪರದೆ ಹೇಳಿತು:

ನಿಮ್ಮ ಪತ್ರವನ್ನು ಕಳುಹಿಸಲಾಗಿದೆ.