ಉಮೇದಿನ ಮಾಸ್ತರರು

ರಾಜ್ಯಗಳಿಗಾಗಿ ಆದ ಯುದ್ಧಗಳು ಎಲ್ಲರಿಗೂ ಗೊತ್ತು. ಒಂದು ಶಬ್ದಕ್ಕಾಗಿ ೧೯೫೮ರಲ್ಲಿ ಸಂತೆಕಟ್ಟೆಯ ಹತ್ತಿರದ ಶಾಲೆಯೊಂದರಲ್ಲಿ ಆದ ಯುದ್ಧವನ್ನು ಮಾತ್ರ ಚರಿತ್ರೆ ಇನ್ನೂ ಬರೆದುಕೊಂಡಿಲ್ಲ. ಆ ಶಬ್ದ ‘ಉಮೇದು’. ಅದು ಬರಿಯ ಉತ್ಸಾಹವಲ್ಲ. ಉತ್ಸಾಹಿ ಕರೆದರೆ ಬರುತ್ತಾನೆ. ಉಮೇದಿನವನು ಕರೆಯುವ ಮೊದಲೇ ಅಂಗಿಯ ತೋಳು ಮಡಚಿ ನಿಂತಿರುತ್ತಾನೆ.

ಹೆಡ್‌ಮಾಸ್ತರರು ಈ ಶಬ್ದವನ್ನು ಸರ್ವೋತ್ತಮ ಮಾಸ್ತರರಿಗೆಂದೇ ಮೀಸಲಿಟ್ಟಿದ್ದರು. ಕಜೆಟನ್ ಮಾಸ್ತರರಿಗೆ ಅದು ಕಿವಿಗೆ ಹೊಕ್ಕ ಇರುವೆಯಂತೆ. ಶಾಲೆಯ ವಾರ್ಷಿಕೋತ್ಸವದ ಬೆಳಿಗ್ಗೆ ಹೆಂಡತಿ ಮೇಬಲ್ ಕೂಡ ಗಂಜಿ ಬಡಿಸುತ್ತ, “ಆ ಸರ್ವೋತ್ತಮರಿಗೆ ಎಂಥ ಉಮೇದು, ಅಲ್ವಾ! ನಿಮಗೆ ಅದೊಂದಿಲ್ಲ ನೋಡಿ,” ಎಂದಳು.

ಕಜೆಟನ್ ಗಂಜಿಯ ಬಟ್ಟಲನ್ನು ಬದಿಗೆ ಸರಿಸಿ ಎದ್ದರು. ಸಂಜೆಯೊಳಗೆ ಆ ಶಬ್ದವನ್ನು ಕಿತ್ತುಕೊಳ್ಳದಿದ್ದರೆ ತಾನು ಕಜೆಟನ್ ಅಲ್ಲ ಎಂದುಕೊಂಡು ಅವರು ಶಾಲೆಗೆ ನಡೆದರು.

“ಇಗರ್ಜಿಯ ಪಾದ್ರಿಗಳಿಂದ ಬೆಂಚು ತರಬೇಕು. ನಾನು ಹೋಗ್ತೇನೆ,” ಎಂದು ಸರ್ವೋತ್ತಮರು ಅಂಗಿಯ ತೋಳಿಗೆ ಕೈಹಾಕಿದರು.

“ನೀವೆಂತಕ್ಕೆ? ನಾನಿಲ್ವಾ?”

ಬರುವ ದಾರಿಯಲ್ಲಿ ತಲೆಯ ಮೇಲಿನ ಬೆಂಚಿನ ಕಾಲು ಗೋಳಿಮರದ ಬಿಳಲಿಗೆ ಸಿಕ್ಕಿ, ಕಜೆಟನ್ ಮಾಸ್ತರರು ಗಾಣದ ಎತ್ತಿನಂತೆ ಅಲ್ಲೇ ಸುತ್ತು ಹೊಡೆದರು.

“ಚಪ್ಪರಕ್ಕೆ ತೆಂಗಿನ ಮಡಲು ಏರಿಸಬೇಕಿತ್ತು...” ಸರ್ವೋತ್ತಮರು ಮೇಲೆ ನೋಡುವಷ್ಟರಲ್ಲಿ ಕಜೆಟನ್ ಕಂಬದ ತುದಿಯಲ್ಲಿದ್ದರು. ಅಲ್ಲಿ ಅವರ ಪ್ಯಾಂಟು ಹಿಂದುಗಡೆಯಿಂದ ತನ್ನ ಅಭಿಪ್ರಾಯವನ್ನು ಬಹಿರಂಗವಾಗಿ ತಿಳಿಸಿತು.

“ಮಾಸ್ಟ್ರೇ, ನೀವಿನ್ನು ಗೋಡೆಗೆ ಬೆನ್ನು ಕೊಟ್ಟೇ ನಿಲ್ಲಿ!” ನಳಿನಾಕ್ಷಿ ಟೀಚರು ಮುಖ ತಿರುಗಿಸಿದರು.

“ನಾಟಕದ ಕರಡಿಗೆ ಜ್ವರ ಬಂದಿದೆಯಂತೆ. ನಾನೇ ವೇಷ ಹಾಕ್ಲಿಕ್ಕುಂಟೋ ಏನೋ,” ಎಂದು ಸರ್ವೋತ್ತಮರು ನಿಟ್ಟುಸಿರುಬಿಟ್ಟರು.

“ಕರಡಿಯ ಕಂಬಳಿ ಇತ್ತ ಕೊಡಿ!” ಕಜೆಟನ್ ಕಸಿದುಕೊಂಡರು. ಹರಿದ ಪ್ಯಾಂಟಿಗೂ ಅದರಿಂದ ಉಪಕಾರವೇ ಆಯಿತು.

ಸಂಜೆ ಕರಡಿ ಕುಣಿಯಿತು, ಬಿತ್ತು, ಪರದೆಯನ್ನೂ ಜೊತೆಗೆ ಎಳೆದುಕೊಂಡಿತು. ಜನ ನಕ್ಕು ಕಣ್ಣೊರೆಸಿಕೊಂಡರು. ಹೆಡ್‌ಮಾಸ್ತರರು ಕಂಬಳಿಯ ಹೆಗಲ ಮೇಲೆ ಕೈಯಿಟ್ಟರು. “ಉಮೇದು ಎಂದರೆ ಎಂತದು ಅಂತ ಇವತ್ತು ಕಂಡೆವು. ಕಜೆಟನ್ ಮಾಸ್ತರರ ಉಮೇದು!”

ಚಪ್ಪಾಳೆ. ಕರಡಿಯ ಕಣ್ಣು ಮೇಬಲಳನ್ನು ಹುಡುಕಿತು.

“ಹಾಗಾಗಿ ಬೆಂಚು, ಚಪ್ಪರ, ಕರಡಿ, ಎಲ್ಲ ಇನ್ನು ಪ್ರತಿವರ್ಷ ಅವರಿಗೇ!”

ಮತ್ತಷ್ಟು ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಸರ್ವೋತ್ತಮರು. ವೇದಿಕೆ ಇಳಿದ ಕಜೆಟನ್ ಮಾಸ್ತರರ ಕೈಕುಲುಕಿ ಪಿಸುಗುಟ್ಟಿದರು: “ಎಷ್ಟು ವರ್ಷ ಹೊತ್ತೆ ಮಾರಾಯ್ರೇ! ಇಳಿಸ್ಲಿಕ್ಕೆ ಒಬ್ಬರೂ ಸಿಕ್ಕಿರಲಿಲ್ಲ.”

ಆಮೇಲೆ ಅವರು ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತು ಕಾಫಿ ಕುಡಿದರು. ಮೇಬಲ್ ಗಂಡನ ಬಳಿಗೆ ಬಂದಳು. ಕಣ್ಣು ಮಾತ್ರ ಆ ಕುರ್ಚಿಯ ಮೇಲಿತ್ತು.

“ಸರ್ವೋತ್ತಮರು ಎಷ್ಟು ಗಂಭೀರವಾಗಿ ಕೂತಿದ್ದಾರೆ, ಅಲ್ವಾ! ತೂಕದ ಮನುಷ್ಯ. ನಿಮಗೆ ಅದೊಂದಿಲ್ಲ ನೋಡಿ.”

ಕಜೆಟನ್ ಮಾಸ್ತರರು ಬೆಂಚುಗಳನ್ನು ಇಗರ್ಜಿಗೆ ಹೊತ್ತುಹಾಕಿದರು.