ಹಾರೆಯ ಮೇಲೆ ಕುಳಿತ ಮೇಷ್ಟ್ರು

"ಒಂದು ಹಾರೆ ಕೊಡು, ಇಡೀ ಮನೆಯನ್ನೇ ಎತ್ತಿಬಿಡ್ತೀನಿ!" ಎಂದು ವಿಜ್ಞಾನದ ಮೇಷ್ಟ್ರು ಬೆಳ್ಳಂಬೆಳಗ್ಗೆ ಘೋಷಿಸಿದರು.

"ಮನೆ ಹಾಗಿರ್ಲಿ, ಮೊದ್ಲು ಬೀರು ಎತ್ತಿ. ಕಾಲು ಮುರಿದು ವಾರ ಆಯ್ತು," ಎಂದರು ಹೆಂಡತಿ. "ಒಳಗಿರೋ ನಿಮ್ಮ ಪುಸ್ತಕ ತೆಗೆದ್ರೆ ಸುಲಭ."

"ಖಾಲಿ ಬೀರು ಎತ್ತೋಕೆ ವಿಜ್ಞಾನ ಯಾಕೆ ಬೇಕು?"

"ಸರಿ. ಮೇಲಿನ ಖಾನೇಲಿ ನಮ್ಮಮ್ಮ ಕೊಟ್ಟ ಗಾಜಿನ ಲೋಟಗಳಿವೆ. ಒಂದು ಒಡೆದ್ರೂ ನಾನು ತವರಿಗೆ!" ಎಂದು ಆಕೆ ಮಾರ್ಕೆಟ್ಟಿಗೆ ಹೊರಟರು.

ಮೇಷ್ಟ್ರು ಬೀರುವಿನಡಿ ಹಾರೆಯ ತುದಿ ತೂರಿಸಿ, ಹಾರೆಯ ಕೆಳಗೊಂದು ಮಣೆ ಇಟ್ಟು, ಇನ್ನೊಂದು ತುದಿಯನ್ನು ಒತ್ತಿದರು. ಆಹಾ! ಬೀರು ಎದ್ದಿತು. ಜೊತೆಗೆ ಮೇಷ್ಟ್ರ ಮೀಸೆಯೂ ಎದ್ದಿತು. ಇನ್ನು ಮುರಿದ ಕಾಲಿನ ಜಾಗಕ್ಕೆ ಇಟ್ಟಿಗೆ ತಳ್ಳಿದರೆ ಮುಗಿಯಿತು. ಆದರೆ ಇಟ್ಟಿಗೆ? ಅದು ಹತ್ತಡಿ ಆಚೆ, ಬಾಗಿಲ ಬಳಿ ಹಾಯಾಗಿ ಮಲಗಿತ್ತು!

ಹಾರೆ ಬಿಟ್ಟರೆ ಬೀರು ದಡಾರ್, ಲೋಟ ಚೂರುಚೂರು, ಹೆಂಡತಿ ತವರಿಗೆ. ತೋಳು ಸೋತಾಗ ಮೇಷ್ಟ್ರು ಹಾರೆಯ ಮೇಲೆಯೇ ಕುಳಿತುಬಿಟ್ಟರು. ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಕರೆ ಮಾಡಿದರು. ಆಕೆಯ ಫೋನು ಬೀರುವಿನೊಳಗಿಂದ ರಿಂಗಾಯಿತು.

ಹತ್ತು ಗಂಟೆಗೆ, ಪಕ್ಕದಲ್ಲೇ ಇದ್ದ ಶಾಲೆಯಿಂದ ಹೆಡ್ಮಾಸ್ಟರ ಫೋನು.

"ಎಲ್ಲಿದ್ದೀರ್ರೀ? ಸರಳ ಯಂತ್ರಗಳ ಪಾಠ ನೋಡೋಕೆ ಇನ್ಸ್‌ಪೆಕ್ಟರ್ ಬಂದು ಕೂತಿದ್ದಾರೆ!"

"ಸಾರ್, ಪ್ರಯೋಗದಲ್ಲಿದ್ದೀನಿ... ಏಳೋ ಹಾಗಿಲ್ಲ!"

"ಭೇಷ್! ನಾವೇ ಬರ್ತೀವಿ!"

ಐದೇ ನಿಮಿಷ. ಮೂವತ್ತು ಮಕ್ಕಳು, ಹೆಡ್ಮಾಸ್ಟರು, ಇನ್ಸ್‌ಪೆಕ್ಟರು ಎಲ್ಲರೂ ಮನೆಯ ಹಾಲ್‌ನಲ್ಲಿ!

"ಇಲ್ಲಿ ಭಾರ ಯಾವುದು?" ಎಂದರು ಇನ್ಸ್‌ಪೆಕ್ಟರು.

"ಬೀರು ಸಾರ್!"

"ಅದನ್ನ ಎತ್ತಿರೋ ಬಲ?"

"ಮೇಷ್ಟ್ರು ಸಾರ್!"

'ಯಾರಾದ್ರೂ ಆ ಇಟ್ಟಿಗೆ ಕೊಡ್ರೋ' ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಯಲ್ಲಿತ್ತು. ಆದರೆ ಇನ್ಸ್‌ಪೆಕ್ಟರ ಮುಂದೆ ಮಾನ ಹೋದೀತಲ್ಲ! ಬೆವರು ಒರೆಸಿಕೊಂಡು ಮುಗುಳ್ನಕ್ಕರು.

ಅಷ್ಟರಲ್ಲಿ ಹೆಂಡತಿ ಬಂದರು. ನೋಡಿದರು. ಲೋಟಗಳನ್ನೂ ಪುಸ್ತಕಗಳನ್ನೂ ತೆಗೆದು ಮಕ್ಕಳ ಕೈಗೆ ಕೊಟ್ಟರು. ಬಾಗಿಲ ಬಳಿಯಿದ್ದ ಇಟ್ಟಿಗೆಯನ್ನು ತಂದರು. ಎಡಗೈಯಲ್ಲಿ ಖಾಲಿ ಬೀರುವಿನ ಮೂಲೆ ಹಿಡಿದು, ಬಲಗಾಲಿನಿಂದ ಇಟ್ಟಿಗೆಯನ್ನು ಒಳಕ್ಕೆ ನೂಕಿದರು.

"ಈಗ ಏಳಿ," ಎಂದರು.

ಮರುವಾರ ಪರೀಕ್ಷೆ. 'ಸರಳ ಯಂತ್ರ ಎಂದರೇನು? ಉದಾಹರಣೆ ಕೊಡಿ.' ಮೂವತ್ತು ಉತ್ತರಪತ್ರಿಕೆಗಳಲ್ಲೂ ಒಂದೇ ಉತ್ತರ: 'ಕಡಿಮೆ ಶ್ರಮದಲ್ಲಿ ಕೆಲಸ ಮುಗಿಸುವುದೇ ಸರಳ ಯಂತ್ರ. ಉದಾಹರಣೆ: ನಮ್ಮ ಮೇಷ್ಟ್ರ ಹೆಂಡತಿ.'

ಮೇಷ್ಟ್ರು ತಪ್ಪು ಹಾಕಲು ಕೆಂಪು ಪೆನ್ನು ಎತ್ತಿದರು.

"ಏನ್ರೀ ಬರೆದಿದ್ದಾರೆ ಮಕ್ಕಳು?" ಎಂದು ಹೆಂಡತಿ ಪಕ್ಕದಲ್ಲೇ ಬಂದು ನಿಂತರು.

ಮೂವತ್ತಕ್ಕೂ ಪೂರ್ತಿ ಅಂಕ ಬಿತ್ತು!